ಗುಲ್ಮಾರ್ಗ್‌ನಲ್ಲಿ ಎರಡೂ ಹೆಬ್ಬೆರಳ ಉಗುರು ಕಪ್ಪಾಯ್ತು: ಸ್ಕೀ ಬೂಟು ಕೊಳ್ಳಬೇಕಾ, ಬಾಡಿಗೆಯದೇ ಸಾಕಾ?

ವಿಜಯನಗರ ಚಾರಣಿಗ
ಭಾನುವಾರ, ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ಸ್ಕೀ ಬೂಟಿನ ಬಗ್ಗೆ ಸಲಹೆ ಬೇಕು. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಏನಾಯಿತು ಅಂತ ಪೂರ್ತಿ ಹೇಳದಿದ್ದರೆ ನಿಮಗೂ ಉತ್ತರ ಕೊಡುವುದು ಕಷ್ಟ.

ಕಳೆದ ಫೆಬ್ರವರಿಯಲ್ಲಿ ನಾನು, ನನ್ನ ಹೆಂಡತಿ ಗುಲ್ಮಾರ್ಗ್‌ಗೆ ಹೋಗಿದ್ದೆವು. ಐದು ದಿನ ಸ್ಕೀ ಕಲಿತೆವು. ಇಬ್ಬರಿಗೂ ಅದು ಮೊದಲ ಸಲ. ನಾನು ಹತ್ತು ವರ್ಷದಿಂದ ಚಾರಣ ಮಾಡುವವನು. ಕುಮಾರ ಪರ್ವತ, ಕುದುರೆಮುಖ ಎಲ್ಲ ಹತ್ತಿ ಇಳಿದಿದ್ದೇನೆ. ಚಾರಣದ ಶೂ ಅಂದರೆ ಒಂದು ಸೈಜ್ ದೊಡ್ಡದು ತಗೋ, ಇಳಿಯುವಾಗ ಬೆರಳು ಮುಂದೆ ತಾಗಬಾರದು. ನಾವೆಲ್ಲ ಕಲಿತ ಪಾಠ ಇದೇ ಅಲ್ವಾ. ಅದೇ ಲೆಕ್ಕದಲ್ಲಿ ಬಾಡಿಗೆ ಅಂಗಡಿಯಲ್ಲಿ, "ನನ್ನದು ಒಂಬತ್ತು, ಹತ್ತು ಕೊಡಿ" ಅಂದೆ. ಚಳಿ ಅಂತ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿದ್ದೆ.

ಮೊದಲ ದಿನ ಬೂಟು ಹಾಯಾಗಿತ್ತು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಮಿಡಿಯುವುದಕ್ಕೆ ಶುರು. ಮೂರನೇ ದಿನ ಸಂಜೆ ರೂಮಿನಲ್ಲಿ ಬುಖಾರಿ (ಕೋಣೆ ಬಿಸಿ ಮಾಡುವ ಒಲೆ) ಪಕ್ಕ ಕೂತು ಕಾಲುಚೀಲ ಬಿಚ್ಚಿದಾಗ ಎರಡೂ ಉಗುರಿನ ಬುಡದಲ್ಲಿ ನೇರಳೆ ಹಣ್ಣಿನ ಬಣ್ಣ. ಬೆಂಗಳೂರಿಗೆ ಬಂದ ಆರು ವಾರಕ್ಕೆ ಬಲಗಾಲಿನ ಉಗುರು ಪೂರ್ತಿ ಬಿದ್ದೇ ಹೋಯಿತು.

ಮುಂದಿನ ಜನವರಿಯಲ್ಲಿ ಮತ್ತೆ ಹೋಗುತ್ತಿದ್ದೇವೆ. ಹೆಂಡತಿಗೆ ಸ್ಕೀ ತುಂಬಾ ಹಿಡಿಸಿದೆ, ನನಗೂ. ಸ್ವಂತ ಬೂಟು ಕೊಂಡುಬಿಡೋಣವಾ? ಕೊಳ್ಳುವುದಾದರೆ ಯಾವ ಸೈಜ್? ಇನ್ನೂ ಒಂದು ಸೈಜ್ ದೊಡ್ಡದು ಬೇಕಾ?

ಮ್ಯೂನಿಕ್‌ನಿಂದ ಬಸವನಗುಡಿಗೆ
ಭಾನುವಾರ, ಮಧ್ಯಾಹ್ನ 12:05

ಸರ್, ಇನ್ನೂ ದೊಡ್ಡದು ಖಂಡಿತ ಬೇಡ. ನಿಮ್ಮ ಉಗುರು ಹೋಗಿದ್ದೇ ಬೂಟು ದೊಡ್ಡದಾಗಿದ್ದಕ್ಕೆ.

ಇದು ನಂಬಲು ಕಷ್ಟ ಅಂತ ಗೊತ್ತು. ನಾನು ಕೆಲಸದ ಮೇಲೆ ಏಳು ವರ್ಷ ಮ್ಯೂನಿಕ್‌ನಲ್ಲಿದ್ದೆ. ಚಳಿಗಾಲದಲ್ಲಿ ವಾರಕ್ಕೊಮ್ಮೆ ಗಾರ್ಮಿಶ್ ಕಡೆ ಸ್ಕೀ ಮಾಡಲು ಹೋಗುತ್ತಿದ್ದೆ. ಮೊದಲ ವರ್ಷ ನನಗೂ ಇದೇ ಆಗಿತ್ತು. ಆಮೇಲೆ ಬೂಟು ಕೂರಿಸುವ ಕೆಲಸವನ್ನೇ ಮಾಡುವ ಒಬ್ಬ ಹಿರಿಯರು ಇಡೀ ವಿಷಯ ಬಿಡಿಸಿ ಹೇಳಿದರು.

ಚಾರಣದ ಶೂ ನಡೆಯುವುದಕ್ಕೆ. ಹೆಜ್ಜೆ ಹಾಕುವಾಗ ಪಾದ ಬಾಗುತ್ತದೆ, ಮುಂದೆ ಜಾರುತ್ತದೆ, ಅದಕ್ಕೆ ಜಾಗ ಬೇಕು. ಸ್ಕೀ ಬೂಟಿನ ಅಡಿ ಬಾಗುವುದೇ ಇಲ್ಲ. ಕಾಲಿನ ಅಲುಗಾಟವನ್ನು ಸ್ಕೀ ಹಲಗೆಗೆ ಮುಟ್ಟಿಸುವುದೇ ಅದರ ಕೆಲಸ. ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಮೆತ್ತನೆಯ ಲೈನರ್. ಹಿಮ್ಮಡಿ ಆ ಲೈನರಿನ ಗುಳಿಯಲ್ಲಿ ಅಲುಗಾಡದೆ ಕೂರಬೇಕು. ಬೂಟು ದೊಡ್ಡದಿದ್ದರೆ ಹಿಮ್ಮಡಿ ಮೇಲೇಳುತ್ತದೆ, ಇಡೀ ಪಾದ ಮುಂದೆ ಜಾರುತ್ತದೆ, ಹೆಬ್ಬೆರಳು ಹೋಗಿ ಮುಂಭಾಗಕ್ಕೆ ಗುದ್ದುತ್ತದೆ. ಒಂದು ದಿನಕ್ಕೆ ನೂರಾರು ಸಲ. ಉಗುರು ಇನ್ನೇನಾಗಬೇಕು?

ಇನ್ನೊಂದು ತೊಂದರೆ ಇದೆ. ಹಿಮ್ಮಡಿ ನಿಲ್ಲದಿದ್ದಾಗ ನಾವು ಬಕಲ್ ಇನ್ನೂ ಬಿಗಿ ಮಾಡುತ್ತೇವೆ. ಪಾದದ ಮೇಲ್ಭಾಗ ಒತ್ತಿ ಬೆರಳುಗಳಿಗೆ ಜೋಮು ಹಿಡಿಯುತ್ತದೆ. ಆಮೇಲೆ "ಬೂಟು ಬಿಗಿ, ಇನ್ನೂ ದೊಡ್ಡದು ಕೊಡಿ" ಅನ್ನುತ್ತೇವೆ. ಇದು ನಿಲ್ಲುವುದೇ ಇಲ್ಲ.

ಸ್ಕೀ ಬೂಟಿಗೆ ಯುಕೆ ಸೈಜ್ ಮರೆತುಬಿಡಿ. ಅದರ ಅಳತೆಯ ಹೆಸರು ಮಾಂಡೋಪಾಯಿಂಟ್. ಸರಳವಾಗಿ ಹೇಳಬೇಕೆಂದರೆ, ನಿಮ್ಮ ಪಾದದ ಉದ್ದ ಎಷ್ಟು ಸೆಂಟಿಮೀಟರೋ ಅದೇ ಸೈಜ್. ಪಾದ 26.5 ಸೆಂ.ಮೀ. ಇದ್ದರೆ ಬೂಟು 26.5. ಗಂಡಸರಿಗೂ ಹೆಂಗಸರಿಗೂ ಒಂದೇ ಲೆಕ್ಕ.

ಇವತ್ತೇ ಅಳೆದು ನೋಡಿ. ಸಂಜೆ ಅಳೆಯಿರಿ, ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ, ಎರಡೂ ಕಾಲ ಮೇಲೆ ಸಮ ಭಾರ ಹಾಕಿ ನಿಲ್ಲಿ. ನೀವೇ ಬಗ್ಗಿ ನೋಡಬೇಡಿ, ಭಾರ ಆಚೀಚೆ ಆಗುತ್ತದೆ. ಉದ್ದನೆಯ ಬೆರಳ ತುದಿಗೆ ಮನೆಯವರ ಹತ್ತಿರ ಗೆರೆ ಎಳೆಸಿ. ಗೋಡೆಯಿಂದ ಆ ಗೆರೆಗೆ ಎಷ್ಟು ಮಿಲಿಮೀಟರ್ ಅಂತ ಬರೆಯಿರಿ. ಎರಡೂ ಕಾಲು ಅಳೆಯಬೇಕು, ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ವಿಜಯನಗರ ಚಾರಣಿಗ
ಭಾನುವಾರ, ರಾತ್ರಿ 8:40

ಅಳೆದೆ. ಹೆಂಡತಿ ಮಗಳ ಸ್ಕೂಲ್ ಸ್ಕೇಲ್ ಹಿಡಿದು ಎರಡೆರಡು ಸಲ ನೋಡಿದಳು. ಬಲಗಾಲು 271 ಮಿ.ಮೀ., ಎಡಗಾಲು 267. ಅವಳದು ಎರಡೂ 238.

ಅಂದರೆ ನನಗೆ 27.5 ಸಾಕು ಅಂತಲಾ? ಗುಲ್ಮಾರ್ಗ್‌ನಲ್ಲಿ ಕೊಟ್ಟ ಬೂಟಿನ ಫೋಟೊ ಹುಡುಕಿದೆ. ಹಿಮ್ಮಡಿ ಹತ್ತಿರ 29.5 ಅಂತ ಇದೆ.

ಮ್ಯೂನಿಕ್‌ನಿಂದ ಬಸವನಗುಡಿಗೆ
ಭಾನುವಾರ, ರಾತ್ರಿ 9:15

ಎರಡು ಸೆಂಟಿಮೀಟರಿಗಿಂತ ಜಾಸ್ತಿ ಖಾಲಿ ಜಾಗ! ಅದರ ಮೇಲೆ ಬಾಡಿಗೆ ಬೂಟಿನ ಲೈನರ್ ನೂರು ಜನ ಹಾಕಿ ಚಪ್ಪಟೆಯಾಗಿರುತ್ತದೆ. ಎರಡು ಕಾಲುಚೀಲ ಹಾಕಿದ್ದರಿಂದ ಒಳಗೆ ಜಾರಾಟವೂ ಹೆಚ್ಚು. ಹೌದು, ನಿಮಗೆ 27.5. ಹೆಂಡತಿಯವರಿಗೆ 24 ಅಥವಾ 24.5.

ಒಂದು ಸಂಗತಿ ಗೊತ್ತಿರಲಿ. ಹೆಚ್ಚಿನ ಕಂಪನಿಗಳಲ್ಲಿ 27 ಮತ್ತು 27.5ರ ಹೊರಚಿಪ್ಪು ಒಂದೇ. ಒಳಗಿನ ಅಟ್ಟೆ ಅಥವಾ ಲೈನರ್ ಮಾತ್ರ ಬೇರೆ. ಆದ್ದರಿಂದ "ಅರ್ಧ ಸೈಜ್ ದೊಡ್ಡದು ಕೊಡಿ" ಅಂದರೆ ಎಷ್ಟೋ ಸಲ ಅದೇ ಚಿಪ್ಪೇ ಕೈಗೆ ಬರುತ್ತದೆ.

ಈಗ ಮುಖ್ಯವಾದ ಪರೀಕ್ಷೆ. ಇದನ್ನು ಬಾಡಿಗೆ ಅಂಗಡಿಯಲ್ಲೂ ಮಾಡಬಹುದು. ಬೂಟಿನಿಂದ ಲೈನರ್ ಹೊರಗೆ ಎಳೆಯಿರಿ. ಬರೀ ಚಿಪ್ಪಿನೊಳಗೆ ತೆಳ್ಳನೆಯ ಕಾಲುಚೀಲ ಹಾಕಿದ ಕಾಲಿಡಿ. ಬೆರಳು ಮುಂದೆ ಸುಮ್ಮನೆ ತಾಗುವ ತನಕ ಪಾದ ಸರಿಸಿ, ಮಂಡಿ ಸ್ವಲ್ಪ ಬಗ್ಗಿಸಿ. ಈಗ ಹಿಮ್ಮಡಿಗೂ ಚಿಪ್ಪಿನ ಹಿಂಭಾಗಕ್ಕೂ ನಡುವೆ ಎಷ್ಟು ಸಂದು ಇದೆ ನೋಡಿ. ನಮ್ಮಂಥ ಹವ್ಯಾಸಿಗಳಿಗೆ ಒಂದೂವರೆಯಿಂದ ಎರಡು ಸೆಂ.ಮೀ. ಸರಿ. ರೇಸ್ ಮಾಡುವವರು ಒಂದು ಸೆಂ.ಮೀ.ಗೂ ಕಡಿಮೆ ಇಟ್ಟುಕೊಳ್ಳುತ್ತಾರೆ, ಅದು ನಮಗೆ ಬೇಡ.

ನಾನು ಪೆನ್ಸಿಲ್ ಲೆಕ್ಕ ಇಟ್ಟುಕೊಂಡಿದ್ದೇನೆ. ಮಕ್ಕಳು ಬರೆಯುವ ಮಾಮೂಲಿ ಪೆನ್ಸಿಲ್ ಹೆಚ್ಚುಕಡಿಮೆ 7 ಮಿ.ಮೀ. ದಪ್ಪ. ಹಿಮ್ಮಡಿ ಹಿಂದೆ ಎರಡು ಪೆನ್ಸಿಲ್ ಜೋಡಿಸಿ ಇಳಿಸಿದರೆ ಸಲೀಸಾಗಿ ಹೋಗಬೇಕು. ಮೂರನೆಯದು ಬಿಗಿಯಾಗಿ ಹೋದರೂ ಪರವಾಗಿಲ್ಲ. ನಾಲ್ಕು ಹೋದರೆ ಆ ಬೂಟು ವಾಪಸ್ ಕೊಟ್ಟುಬಿಡಿ. ಎಷ್ಟೇ ಹಾಯಾಗಿದ್ದರೂ ಕೊಟ್ಟುಬಿಡಿ.

ಮಲ್ಲೇಶ್ವರಂ ಹಿಮಪ್ರೇಮಿ
ಸೋಮವಾರ, ಬೆಳಿಗ್ಗೆ 7:50

ಪೆನ್ಸಿಲ್ ಲೆಕ್ಕ ತುಂಬಾ ಚೆನ್ನಾಗಿದೆ. ನಾನು ಮನಾಲಿಯಲ್ಲಿ ಸ್ಕೀ ಕೋರ್ಸ್ ಮಾಡಿದ್ದೇನೆ, ಆಮೇಲೆ ಔಲಿಗೆ ಎರಡು ಸಲ ಹೋಗಿಬಂದೆ. ಹೆಂಗಸರ ಕಡೆಯಿಂದ ಒಂದೆರಡು ಮಾತು.

ಉದ್ದ ಸರಿಯಿದ್ದರೂ ಅಗಲ ಸರಿ ಬರದೆ ನಾನು ಒದ್ದಾಡಿದ್ದೇನೆ. ಚಿಕ್ಕಂದಿನಿಂದ ಬರಿಗಾಲು, ಇಲ್ಲಾಂದ್ರೆ ಚಪ್ಪಲಿ. ನನ್ನ ಬೆರಳುಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ. ಹಿಮ್ಮಡಿ ಮಾತ್ರ ಸಪೂರ. ನಮ್ಮಲ್ಲಿ ಸುಮಾರು ಜನರ ಪಾದ ಹೀಗೇ ಇರುತ್ತದೆ. ಬೂಟಿನ ವಿವರದಲ್ಲಿ ಲಾಸ್ಟ್ ಅಂತ ಒಂದು ಸಂಖ್ಯೆ ಇರುತ್ತದೆ. ಅದು ಪಾದದ ಅತಿ ಅಗಲದ ಜಾಗದಲ್ಲಿ ಬೂಟಿನ ಅಗಲ. 98 ಮಿ.ಮೀ. ಅಂದರೆ ಕಿರಿದು, 100 ನಡು, 102 ಮತ್ತು ಮೇಲೆ ಅಗಲ. ಇದನ್ನು ಸಾಮಾನ್ಯವಾಗಿ 26.5 ಸೈಜಿನ ಬೂಟಿನಲ್ಲಿ ಅಳೆದಿರುತ್ತಾರೆ. ಚಿಕ್ಕ ಬೂಟಿನಲ್ಲಿ ಅಗಲವೂ ಆ ಲೆಕ್ಕಕ್ಕೆ ಕಡಿಮೆಯಾಗುತ್ತದೆ. ನನ್ನದು 23.5, ಆದ್ದರಿಂದ 100 ಅಂತ ಬರೆದಿದ್ದರೂ ನನ್ನ ಕಾಲಿಗೆ ಅಷ್ಟು ಸಿಗುವುದಿಲ್ಲ.

ಪಾದ ಅಗಲ ಅಂತ ಉದ್ದ ಜಾಸ್ತಿ ಇರುವ ಬೂಟಿಗೆ ಹೋಗಬೇಡಿ. ಅಂಗಡಿಯವರು ಮೊದಲು ಅದನ್ನೇ ಕೊಡಲು ನೋಡುತ್ತಾರೆ. ಅಗಲದ ಲಾಸ್ಟ್ ಕೇಳಿ. ಸ್ವಂತ ಬೂಟಾದರೆ ಒತ್ತುವ ಜಾಗದಲ್ಲಿ ಚಿಪ್ಪನ್ನು ಬಿಸಿ ಮಾಡಿ ಹೊರಕ್ಕೆ ಉಬ್ಬಿಸಿಕೊಡುತ್ತಾರೆ. ಕಿರುಬೆರಳ ಬುಡ, ಗಿಣ್ಣಿನ ಮೂಳೆ, ಇಲ್ಲೆಲ್ಲ ಎರಡು ಮೂರು ಮಿಲಿಮೀಟರ್ ಸಿಕ್ಕರೆ ನೋವೇ ಮಾಯ. ಬಿಗಿ ಇದ್ದುದನ್ನು ಹಿಗ್ಗಿಸಬಹುದು. ದೊಡ್ಡ ಚಿಪ್ಪನ್ನು ಕುಗ್ಗಿಸಲು ಯಾರಿಗೂ ಆಗುವುದಿಲ್ಲ.

ನನ್ನ ಅಜ್ಜಿ ಗಾಂಧಿಬಜಾರಿನಲ್ಲಿ ಬಳೆ ತೊಡಿಸುವಾಗ ಹೇಳುತ್ತಿದ್ದದ್ದು ನೆನಪಾಗುತ್ತದೆ. ಗೆಣ್ಣು ದಾಟುವಾಗ ನೋಯಬೇಕು, ಮಣಿಕಟ್ಟಿಗೆ ಬಂದ ಮೇಲೆ ನೋಯಬಾರದು. ಸರಾಗವಾಗಿ ಹೋದ ಬಳೆ ಸರಾಗವಾಗಿ ಬಿದ್ದೂ ಹೋಗುತ್ತದೆ. ಸ್ಕೀ ಬೂಟೂ ಹಾಗೇ. ಕಾಲು ಒಳಗೆ ಹೋಗುವಾಗ ಒದ್ದಾಟ ಇರುತ್ತದೆ. ಹೋಗಿ ಕೂತ ಮೇಲೆ ಎಲ್ಲ ಕಡೆ ಒಂದೇ ಸಮ ಹಿಡಿದಿರಬೇಕು, ಒಂದು ಜಾಗದಲ್ಲಿ ಮಾತ್ರ ಚುಚ್ಚಬಾರದು.

ಮೀನಖಂಡದ ವಿಷಯ. ಹೆಂಗಸರಿಗೆ ಮೀನಖಂಡ ಸ್ವಲ್ಪ ಕೆಳಗಿಂದಲೇ ದಪ್ಪವಾಗಲು ಶುರುವಾಗುತ್ತದೆ. ಬೂಟಿನ ಮೇಲಿನ ತೋಳು ಅಲ್ಲಿ ಒತ್ತುತ್ತದೆ. ಹೆಂಗಸರ ಬೂಟಿನಲ್ಲಿ ತೋಳು ಗಿಡ್ಡ, ಬಾಯಿ ಅಗಲ ಇರುತ್ತದೆ. ಅದಕ್ಕೇ ನಿಮ್ಮ ಮನೆಯವರಿಗೆ ಗಂಡಸರ ಬೂಟಿನ ಚಿಕ್ಕ ಸೈಜ್ ಕೊಟ್ಟರೆ ಒಪ್ಪಬೇಡಿ. ಎಷ್ಟೋ ಬೂಟಿನಲ್ಲಿ ಬಕಲಿನ ಕೊಂಡಿಯನ್ನು ಸ್ಕ್ರೂ ಬಿಚ್ಚಿ ಆಚೆ ಕೂರಿಸಲೂ ಬರುತ್ತದೆ, ಕೇಳಿ ನೋಡಿ.

ಮ್ಯೂನಿಕ್‌ನಿಂದ ಬಸವನಗುಡಿಗೆ
ಸೋಮವಾರ, ಬೆಳಿಗ್ಗೆ 9:10

ಮೇಡಂ ಬಳೆಯ ಮಾತು ಹೇಳಿದರಲ್ಲ, ನಾನು ಇಷ್ಟು ವರ್ಷ ಹುಡುಕುತ್ತಿದ್ದ ಹೋಲಿಕೆ ಅದು.

ಫ್ಲೆಕ್ಸ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಬೂಟಿನ ಮೇಲೆ 70, 90, 110 ಅಂತ ಬರೆದಿರುತ್ತದೆ. ಬೂಟನ್ನು ಮುಂದಕ್ಕೆ ಬಗ್ಗಿಸಲು ಎಷ್ಟು ಬಲ ಬೇಕು ಅನ್ನುವ ಸೂಚನೆ ಅದು. ಎಲ್ಲ ಕಂಪನಿಗೂ ಒಂದೇ ಅಳತೆ ಅಂತ ಇಲ್ಲ. ಒಬ್ಬರ 90 ಇನ್ನೊಬ್ಬರ 100ರಷ್ಟು ಗಟ್ಟಿ ಇರಬಹುದು. ಕಲಿಯುತ್ತಿರುವ ಗಂಡಸರಿಗೆ 80ರಿಂದ 100, ಹೆಂಗಸರಿಗೆ 60ರಿಂದ 80 ಅಂತ ಹುಡುಕಲು ಶುರು ಮಾಡಿ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಮೇಲೆ. ಚಳಿಯಲ್ಲಿ ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ. ಬೆಂಗಳೂರಿನ ಮನೆಯೊಳಗೆ ಮೆತ್ತಗೆ ಬಾಗಿದ ಬೂಟು ಗುಲ್ಮಾರ್ಗ್‌ನ ಬೆಳಗಿನ ಚಳಿಯಲ್ಲಿ ಹಾಗೆ ಬಾಗುವುದಿಲ್ಲ. ಇಲ್ಲಿ ಹಾಕಿ ನೋಡಿ "ತುಂಬಾ ಸಾಫ್ಟ್" ಅಂತ ಗಟ್ಟಿ ಬೂಟಿಗೆ ಹೋಗಬೇಡಿ.

ಜಯನಗರ ಫಿಸಿಯೋ
ಸೋಮವಾರ, ಮಧ್ಯಾಹ್ನ 2:30

ನಾನು ಫಿಸಿಯೋಥೆರಪಿಸ್ಟ್. ಸ್ಕೀ ಮಾಡುವುದು ವರ್ಷಕ್ಕೊಮ್ಮೆ, ಕಾಲು ನೋಡುವುದು ದಿನಾ. ನಿಮ್ಮ ಅಳತೆಯಲ್ಲಿ ಇಲ್ಲದ ಎರಡು ವಿಷಯ ಹೇಳಬೇಕು.

ಒಂದು, ಗಿಣ್ಣಿನ ಕೀಲು ಎಷ್ಟು ಬಾಗುತ್ತದೆ ಅನ್ನುವುದು. ಬರಿಗಾಲಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿ. ಹಿಮ್ಮಡಿ ನೆಲಕ್ಕೆ ಪೂರ್ತಿ ಊರಿ, ಕೈ ಆಸರೆ ಇಲ್ಲದೆ ಅರ್ಧ ನಿಮಿಷ ಕೂರಲು ಆಗುತ್ತಾ? ಆದರೆ ಒಳ್ಳೆಯದು. ಹಿಮ್ಮಡಿ ಮೇಲೇಳುತ್ತಿದ್ದರೆ, ಇಲ್ಲವೇ ಹಿಂದಕ್ಕೆ ಬೀಳುತ್ತಿದ್ದರೆ, ಕೀಲು ಸಾಕಷ್ಟು ಬಾಗುತ್ತಿಲ್ಲ ಅಂತ ಅನುಮಾನಿಸಬಹುದು. ಸ್ಕೀ ಬೂಟು ಮೊದಲೇ ಮುಂದಕ್ಕೆ ವಾಲಿಕೊಂಡಿರುತ್ತದೆ. ಕೀಲು ಬಾಗದಿದ್ದರೆ ಬೂಟಿನೊಳಗೇ ಹಿಮ್ಮಡಿ ಮೇಲೇಳುತ್ತದೆ, ಸೈಜ್ ಸರಿಯಿದ್ದರೂ ಸಹ. ಅಂಥವರಿಗೆ ಹಿಮ್ಮಡಿ ಕೆಳಗೆ ಕೆಲವು ಮಿಲಿಮೀಟರಿನ ಗಟ್ಟಿ ತುಂಡು ಇಟ್ಟರೆ ಅನುಕೂಲ. ಮೊದಲೆಲ್ಲ ನೆಲದ ಮೇಲೆ ಕೂತೇ ಅರ್ಧ ಕೆಲಸ ಮಾಡುತ್ತಿದ್ದೆವು, ಈ ಪರೀಕ್ಷೆಯಲ್ಲಿ ಎಲ್ಲರೂ ಪಾಸ್. ಈಗ ಇಡೀ ದಿನ ಕುರ್ಚಿಯಲ್ಲಿ ಕೂರುವ ಮೂವತ್ತರ ಹುಡುಗರಿಗೂ ಇದು ಆಗುವುದಿಲ್ಲ. ನೋಡಿದರೆ ಬೇಸರವಾಗುತ್ತದೆ. ದಿನಾ ಐದು ನಿಮಿಷ ಅಭ್ಯಾಸ ಮಾಡಿದರೆ ಜನವರಿ ಹೊತ್ತಿಗೆ ಎಷ್ಟೋ ಸುಧಾರಿಸುತ್ತದೆ.

ಎರಡು, ಪಾದದ ಕಮಾನು. ಸ್ನಾನ ಮಾಡಿ ಬಂದು ಒಣ ನೆಲದ ಮೇಲೆ ಒದ್ದೆ ಕಾಲಿಟ್ಟು ಗುರುತು ನೋಡಿ. ಪಾದದ ಒಳಬದಿಯೂ ಪೂರ್ತಿ ಮೂಡಿದರೆ ಚಪ್ಪಟೆ ಪಾದ. ಭಾರ ಬಿದ್ದಾಗ ಈ ಪಾದ ಉದ್ದವೂ ಆಗುತ್ತದೆ, ಒಳಕ್ಕೆ ವಾಲುತ್ತದೆ. ಆಗ ಒಳಗಿನ ಮೂಳೆ ಚಿಪ್ಪಿಗೆ ಒತ್ತುತ್ತದೆ. ಬೂಟಿನ ಜೊತೆ ಬರುವ ಒಳ ಅಟ್ಟೆ ಬರೀ ತೆಳ್ಳನೆಯ ಹಾಳೆ. ಕಮಾನಿಗೆ ಆಸರೆ ಕೊಡುವ ಒಳ್ಳೆಯ ಅಟ್ಟೆ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಬಾಡಿಗೆ ಬೂಟಿಗೂ ನಿಮ್ಮ ಅಟ್ಟೆ ಹಾಕಿಕೊಳ್ಳಬಹುದು. ಹಾಕುವ ಮುಂಚೆ ಅದರಲ್ಲಿರುವುದನ್ನು ತೆಗೆಯಬೇಕು. ಒಂದರ ಮೇಲೊಂದು ಇಟ್ಟರೆ ಪಾದ ಮೇಲೆದ್ದು ಬೂಟಿನ ನೆತ್ತಿಗೆ ಒತ್ತುತ್ತದೆ.

ಬೆರಳು ಜೋಮು ಹಿಡಿದರೆ ಚಳಿಯೇ ಕಾರಣ ಅಂತ ತಿಳಿಯಬೇಡಿ. ಪಾದದ ಮೇಲ್ಭಾಗದಲ್ಲಿ ನರ ಮತ್ತು ರಕ್ತನಾಳ ಚರ್ಮದ ಸ್ವಲ್ಪ ಕೆಳಗೇ ಹೋಗುತ್ತವೆ. ಅಲ್ಲಿನ ಬಕಲ್ ಅದುಮಿದರೆ ರಕ್ತ ಬೆರಳಿಗೆ ಸರಿಯಾಗಿ ಹೋಗುವುದಿಲ್ಲ. ಪಾದದ ಮೇಲ್ಭಾಗ ಎತ್ತರ ಇರುವವರಿಗೆ ಇದು ಜಾಸ್ತಿ.

ಕೋರಮಂಗಲ ಲೆಕ್ಕಿಗ
ಸೋಮವಾರ, ಸಂಜೆ 6:45

ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವರ್ಷಕ್ಕೆ ಐದು ದಿನ ಸ್ಕೀ ಮಾಡಲು ಸ್ವಂತ ಬೂಟು ಯಾಕೆ? ಯೂರೋಪಿನಲ್ಲಿ ಒಂದು ಮಾಮೂಲಿ ಜೊತೆಗೆ 200ರಿಂದ 400 ಯೂರೊ ಆಗುತ್ತದೆ. ಇಲ್ಲಿ ಬೆಂಗಳೂರಿನಲ್ಲಿ ಹಾಕಿ ನೋಡಿ ಕೊಳ್ಳಲು ಆಯ್ಕೆಯೇ ಇಲ್ಲ. ಆನ್‌ಲೈನ್‌ನಲ್ಲಿ ತರಿಸಿದರೆ ಕೂರದ ಬೂಟು ಮನೆಯಲ್ಲಿ ಕೂರುತ್ತದೆ. ಒಂದು ಜೊತೆ ನಾಲ್ಕು ಕೆಜಿ ಹತ್ತಿರ ತೂಗುತ್ತದೆ. ಒಳನಾಡಿನ ವಿಮಾನದಲ್ಲಿ ಸಾಮಾನ್ಯವಾಗಿ ಸಿಗುವುದು 15 ಕೆಜಿ. ಅದರಲ್ಲಿ ಚಳಿ ಬಟ್ಟೆಯೇ ಅರ್ಧ.

ಮ್ಯೂನಿಕ್‌ನಿಂದ ಬಸವನಗುಡಿಗೆ
ಸೋಮವಾರ, ರಾತ್ರಿ 8:20

ನಿಮ್ಮ ಮಾತು ಒಪ್ಪುತ್ತೇನೆ, ಅರ್ಧ. ಕಾಲಿಗೆ ಹಾಕಿ ನೋಡದೆ ಆನ್‌ಲೈನ್‌ನಲ್ಲಿ ಸ್ಕೀ ಬೂಟು ತರಿಸುವುದು ತಪ್ಪು. ಇದರಲ್ಲಿ ನನಗೆ ಎರಡು ಮಾತಿಲ್ಲ. ವರ್ಷಕ್ಕೆ ಒಂದು ವಾರಕ್ಕಿಂತ ಕಡಿಮೆ ಹೋಗುವವರು ಬಾಡಿಗೆಯಲ್ಲೇ ಇರಲಿ. ಆದರೆ ಬಾಡಿಗೆ ಅಂದರೆ ಕೊಟ್ಟದ್ದನ್ನು ಹಾಕಿಕೊಂಡು ಬರುವುದಲ್ಲ. ಹಿಂದಿನ ಸಂಜೆಯೇ ಅಂಗಡಿಗೆ ಹೋಗಿ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಮುಗಿಬಿದ್ದಿರುವಾಗ ಯಾರಿಗೂ ನಿಮ್ಮ ಕಾಲು ನೋಡಲು ಪುರುಸೊತ್ತು ಇರುವುದಿಲ್ಲ. ಮೂರು ಜೊತೆ ಹಾಕಿ ನೋಡಿ. ಬಕಲ್ ಹಾಕಿಕೊಂಡು ಇಪ್ಪತ್ತು ನಿಮಿಷ ಅಲ್ಲೇ ನಿಂತಿರಿ. ಬೇರೆಯವರು ಏನಂದುಕೊಂಡಾರು ಅಂತ ಸಂಕೋಚ ಬೇಡ.

ವರ್ಷಕ್ಕೆ ಎರಡು ಸಲ ಹೋಗುವ ಹಾಗಿದ್ದರೆ, ಅಥವಾ ಆಫೀಸ್ ಕೆಲಸಕ್ಕೆ ಜರ್ಮನಿ, ಆಸ್ಟ್ರಿಯಾ ಕಡೆ ಹೋಗುವ ಅವಕಾಶ ಬಂದರೆ, ಅಲ್ಲಿ ಅರ್ಧ ದಿನ ಇಟ್ಟುಕೊಂಡು ಬೂಟು ಕೂರಿಸುವವರ ಹತ್ತಿರ ಹೋಗಿ. ಸ್ಕೀ ಹಲಗೆ ಬಾಡಿಗೆಗೆ ಸಿಗುತ್ತದೆ, ಕೋಲು ಬಾಡಿಗೆಗೆ ಸಿಗುತ್ತದೆ. ದುಡ್ಡು ಹಾಕುವುದಾದರೆ ಮೊದಲು ಬೂಟಿಗೇ ಹಾಕಬೇಕು.

ಯಲಹಂಕ ಹೊಸಬ
ಮಂಗಳವಾರ, ಬೆಳಿಗ್ಗೆ 11:00

ಬೋಸ್ಟನ್‌ನಲ್ಲಿರುವ ನಮ್ಮ ಮಾವ ಅವರ ಹಳೆ ಸ್ಕೀ ಬೂಟು ಕೊಡುತ್ತೇನೆ ಅಂದಿದ್ದಾರೆ. ಹದಿನೈದು ವರ್ಷ ಹಳೆಯದು, ಆದರೆ ನಾಲ್ಕೇ ಸಲ ಹಾಕಿದ್ದಂತೆ. ನೋಡಲು ಹೊಸದರ ಹಾಗೇ ಇದೆ. ಸೈಜ್ ಕೂಡ ನನ್ನದೇ. ತಗೋಬಹುದಾ?

ಮ್ಯೂನಿಕ್‌ನಿಂದ ಬಸವನಗುಡಿಗೆ
ಮಂಗಳವಾರ, ಮಧ್ಯಾಹ್ನ 1:15

ಬೇಡ ತಮ್ಮಾ. ಮಾವನ ಪ್ರೀತಿ ದೊಡ್ಡದು, ಆದರೂ ಬೇಡ.

ಅಟ್ಟದ ಮೇಲಿಟ್ಟ ಚಾರಣದ ಶೂ ಮೂರು ನಾಲ್ಕು ವರ್ಷ ಬಿಟ್ಟು ಹಾಕಿದಾಗ ಅಡಿ ಪೂರ್ತಿ ಕಿತ್ತು ಬಂದದ್ದು ನೋಡಿದ್ದೀರಾ? ಕುಮಾರ ಪರ್ವತದ ದಾರಿಯಲ್ಲಿ ನನ್ನ ಗೆಳೆಯನೊಬ್ಬ ಹಗ್ಗ ಕಟ್ಟಿಕೊಂಡು ಇಳಿದಿದ್ದ. ಅಡಿಯ ಫೋಮ್ ಬೆಲ್ಲದ ಪುಡಿಯ ಹಾಗೆ ಉದುರುತ್ತಿತ್ತು. ಅದು ಪಾಲಿಯುರೆಥೇನ್. ಗಾಳಿಯ ತೇವ ವರ್ಷಗಟ್ಟಲೆ ಒಳಗೆ ಸೇರಿ ಅದರ ಕಟ್ಟು ಬಿಡಿಸುತ್ತದೆ. ಹಾಕಿದರೂ ಬಿಟ್ಟರೂ ವಯಸ್ಸಾಗುತ್ತದೆ. ಹೆಚ್ಚಿನ ಸ್ಕೀ ಬೂಟಿನ ಚಿಪ್ಪೂ ಪಾಲಿಯುರೆಥೇನ್ ಜಾತಿಯದೇ. ತುಂಬಾ ಹಳೆಯ ಬೂಟು ಚಳಿಯಲ್ಲಿ ಒಮ್ಮೆಲೇ ಬಿರಿದು ಚೂರಾಗುವುದುಂಟು. ಹಿಮದ ಇಳಿಜಾರಿನಲ್ಲಿ ವೇಗದಲ್ಲಿರುವಾಗ ಹಾಗಾದರೆ ಏನು ಗತಿ?

ಬೂಟಿನ ಅಡಿಯ ಆಕಾರವೂ ಮುಖ್ಯ. ಹಳೆಯ ಆಲ್ಪೈನ್ (ಇಳಿಜಾರಿನಲ್ಲಿ ಜಾರುವ ಸ್ಕೀಯ) ಬೂಟಿನ ಅಡಿ ಗಟ್ಟಿ, ಚಪ್ಪಟೆ. ಅದರ ಮಾನಕ ಐಎಸ್‌ಒ 5355. ಈಗ ಬರುವ ಎಷ್ಟೋ ಬೂಟಿನಲ್ಲಿ ನಡೆಯಲು ಅನುಕೂಲವಾದ ರಬ್ಬರಿನ, ಸ್ವಲ್ಪ ಬಾಗಿದ ಅಡಿ ಇರುತ್ತದೆ, ಅದಕ್ಕೆ ಗ್ರಿಪ್‌ವಾಕ್ ಅಂತ ಹೆಸರು. ಅದರ ಮಾನಕ ಐಎಸ್‌ಒ 23223. ಬೂಟನ್ನು ಹಲಗೆಗೆ ಹಿಡಿದಿಡುವ ಸಾಧನಕ್ಕೆ ಬೈಂಡಿಂಗ್ ಅನ್ನುತ್ತಾರೆ. ಗ್ರಿಪ್‌ವಾಕ್ ಬೂಟನ್ನು ಎಲ್ಲ ಹಳೆ ಬೈಂಡಿಂಗ್‌ಗೂ ಹಾಕುವ ಹಾಗಿಲ್ಲ. ಬಿದ್ದಾಗ ಬೈಂಡಿಂಗ್ ಬಿಟ್ಟುಕೊಳ್ಳಬೇಕು, ಅದೇ ಮಂಡಿಯನ್ನು ಕಾಪಾಡುವುದು. ಅಡಿ ಹೊಂದದಿದ್ದರೆ ಬಿಡಬೇಕಾದಾಗ ಬಿಡುವುದಿಲ್ಲ.

ಸ್ವಂತ ಬೂಟು, ಬಾಡಿಗೆ ಹಲಗೆ ಅಂತ ಹೋಗುವವರು ಇದನ್ನು ದಯವಿಟ್ಟು ನೆನಪಿಡಿ. ಬೂಟಿನ ಹಿಮ್ಮಡಿ ಬದಿಯಲ್ಲಿ 317 ಮಿ.ಮೀ. ಅನ್ನುವಂಥ ಒಂದು ಸಂಖ್ಯೆ ಇರುತ್ತದೆ. ಅದು ಅಡಿಯ ಉದ್ದ. ಆ ಸಂಖ್ಯೆ, ನಿಮ್ಮ ತೂಕ, ಎತ್ತರ, ವಯಸ್ಸು, ಎಷ್ಟು ಕಲಿತಿದ್ದೀರಿ, ಇಷ್ಟನ್ನೂ ಕೇಳಿ ತಿಳಿದವರು ಬೈಂಡಿಂಗ್ ಹೊಂದಿಸಬೇಕು. ಬೂಟು ಬದಲಾದರೆ ಮತ್ತೆ ಹೊಂದಿಸಬೇಕು. ತೂಕ ಕೇಳಿದರೆ ನಿಜ ಹೇಳಿ.

ರಾಜಾಜಿನಗರ ಮಗಳು
ಮಂಗಳವಾರ, ರಾತ್ರಿ 9:30

ಅಪ್ಪನಿಗೆ 61. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ನಮ್ಮ ಜೊತೆ ಔಲಿಗೆ ಬಂದು ಒಂದು ದಿನ ಸ್ಕೀ ಕಲಿಯಬೇಕು ಅಂತ ಆಸೆಪಡುತ್ತಿದ್ದಾರೆ. ಬೂಟಿನ ವಿಷಯದಲ್ಲಿ ಏನು ನೋಡಬೇಕು?

ಜಯನಗರ ಫಿಸಿಯೋ
ಮಂಗಳವಾರ, ರಾತ್ರಿ 10:10

ಅಕ್ಕಾ, ಹೋಗುವ ಮುಂಚೆ ಅವರ ಡಾಕ್ಟರ್ ಹತ್ತಿರ ಪಾದದ ಸ್ಪರ್ಶ ಮತ್ತು ರಕ್ತ ಸಂಚಾರ ಪರೀಕ್ಷೆ ಮಾಡಿಸಿ. ನಾವು ಇಲ್ಲಿ ಹೇಳುವುದೆಲ್ಲ "ನೋವಾದರೆ ಬಿಚ್ಚಿ ನೋಡಿ" ಅನ್ನುವುದರ ಮೇಲೆ ನಿಂತಿದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಅವರಿಗೆ ಆ ನೋವೇ ಗೊತ್ತಾಗುವುದಿಲ್ಲ. ಸ್ಪರ್ಶ ಸರಿಯಿಲ್ಲ ಅಂದರೆ ಸ್ಕೀ ಬೂಟು ಬೇಡ. ಅವರು ಹಿಮದಲ್ಲಿ ಒಳ್ಳೆಯ ಚಳಿ ಶೂ ಹಾಕಿ ನಡೆಯಲಿ. ಸರಿಯಿದ್ದು ಡಾಕ್ಟರ್ ಒಪ್ಪಿದರೂ ಗಂಟೆಗೊಮ್ಮೆ ಬೂಟು ಬಿಚ್ಚಿಸಿ ನೀವೇ ಕಣ್ಣಾರೆ ನೋಡಿ. ಎಲ್ಲಾದರೂ ಕೆಂಪಾಗಿದ್ದರೆ, ಬೊಬ್ಬೆ ಬರುವ ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ.

ಮಲ್ಲೇಶ್ವರಂ ಹಿಮಪ್ರೇಮಿ
ಬುಧವಾರ, ಬೆಳಿಗ್ಗೆ 8:05

ಹಾಕಿಕೊಳ್ಳುವ ಕ್ರಮ ಯಾರೂ ಬರೆದಿಲ್ಲ. ಸರಿಯಾದ ಬೂಟನ್ನೇ ತಪ್ಪಾಗಿ ಹಾಕಿ ಕಷ್ಟಪಡುವವರನ್ನು ಔಲಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಒಂದೇ ಒಂದು ಕಾಲುಚೀಲ. ಮಂಡಿಯ ಕೆಳಗಿನ ತನಕ ಬರುವ ತೆಳ್ಳನೆಯ ಸ್ಕೀ ಕಾಲುಚೀಲ. ಒಳಗಿನ ಉಣ್ಣೆ ಪ್ಯಾಂಟಿನ ತುದಿ ಬೂಟಿನೊಳಗೆ ಹೋಗಬಾರದು. ಬಟ್ಟೆಯ ಒಂದು ಮಡಿಕೆ ಸಾಕು, ಸಂಜೆ ಹೊತ್ತಿಗೆ ಕಣಕಾಲಿನ ಮೂಳೆಯ ಮೇಲೆ ಬರೆ ಎಳೆದ ಹಾಗೆ ಆಗಿರುತ್ತದೆ. ಪ್ಯಾಂಟನ್ನು ಬೂಟಿನ ಮೇಲಕ್ಕೆ ನಿಲ್ಲಿಸಿ.

ಕಾಲು ಒಳಗೆ ಹೋದ ಮೇಲೆ ಹಿಮ್ಮಡಿಯನ್ನು ನೆಲಕ್ಕೆ ಎರಡು ಮೂರು ಸಲ ಕುಟ್ಟಿ, ಅದು ಹಿಂದೆ ಹೋಗಿ ಕೂರಲಿ. ಮೊದಲು ಮೇಲಿನ ಎರಡು ಬಕಲ್ ಸಡಿಲವಾಗಿ ಹಾಕಿ. ಮಂಡಿ ಮುಂದಕ್ಕೆ ಬಗ್ಗಿಸಿ ಕಣಕಾಲನ್ನು ಬೂಟಿನ ನಾಲಿಗೆಗೆ ಒತ್ತಿ. ಹಿಮ್ಮಡಿ ಇನ್ನೂ ಹಿಂದೆ ಸರಿಯುತ್ತದೆ. ಆಗ ಮೇಲಿನದನ್ನು ಇನ್ನೊಂದು ಹಲ್ಲು ಬಿಗಿ ಮಾಡಿ. ಪಾದದ ಮೇಲಿನ ಎರಡು ಬಕಲ್ ಕೊನೆಗೆ, ಬರೀ ಮುಚ್ಚುವಷ್ಟು. ಬೆರಳ ಹತ್ತಿರದ್ದನ್ನಂತೂ ಒಂದೇ ಬೆರಳಲ್ಲಿ ಹಾಕಲು ಬರಬೇಕು. ಕೊನೆಗೆ ಮೇಲಿನ ಪಟ್ಟಿ. ಬಕಲನ್ನು ತಿರುಪಿನ ಹಾಗೆ ತಿರುಗಿಸಿದರೆ ಉದ್ದ ಸ್ವಲ್ಪ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ನೇರ ನಿಂತಾಗ ಬೆರಳು ಮುಂದೆ ತಾಗಬೇಕು. ಮಂಡಿ ಬಗ್ಗಿಸಿದಾಗ ಬೆರಳು ಹಿಂದೆ ಸರಿದು ಬಿಡುಗಡೆ ಸಿಗಬೇಕು. ಲಿಫ್ಟಿಗೆ ಕಾಯುವಾಗ, ಚಹಾ ಕುಡಿಯುವಾಗ ಬಕಲ್ ಬಿಚ್ಚಿಬಿಡಿ. ಹೋಗುವ ಎರಡು ದಿನ ಮುಂಚೆ ಕಾಲುಗುರು ನೇರಕ್ಕೆ ಕತ್ತರಿಸಿಕೊಳ್ಳಿ.

ವಿಜಯನಗರ ಚಾರಣಿಗ
ಮೂರು ವಾರದ ನಂತರ, ಶನಿವಾರ

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ಕಳೆದ ವಾರ ಆಫೀಸ್ ಕೆಲಸಕ್ಕೆ ದುಬೈಗೆ ಹೋಗಿದ್ದೆ. ಮಾಲ್ ಆಫ್ ದಿ ಎಮಿರೇಟ್ಸ್ ಒಳಗಿನ ಸ್ಕೀ ದುಬೈಗೆ ಒಂದು ಸಂಜೆ ಹೋದೆ. 2005ರಿಂದ ನಡೆಯುತ್ತಿರುವ ಜಾಗ, ಅತಿ ಉದ್ದದ ಇಳಿಜಾರು ಸುಮಾರು 400 ಮೀಟರ್. ಟಿಕೆಟ್ಟಿನಲ್ಲೇ ಬೂಟೂ ಬರುತ್ತದೆ. ಮಗಳ ಪೆನ್ಸಿಲ್ ಡಬ್ಬಿಯಿಂದ ನಾಲ್ಕು ಪೆನ್ಸಿಲ್ ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ.

27.5 ಕೇಳಿದೆ. ಲೈನರ್ ಎಳೆದು ನೋಡಿದೆ. ಎರಡು ಪೆನ್ಸಿಲ್ ಹೋಯಿತು, ಮೂರನೆಯದು ಅರ್ಧಕ್ಕೆ ನಿಂತಿತು. ಲೈನರ್ ಹಾಕಿ ಕಾಲು ತೂರಿಸಿದಾಗ ನಿಜವಾಗಿ ಭಯ ಆಯಿತು. ಹೆಬ್ಬೆರಳು ಮುಂದೆ ಒತ್ತಿ ನಿಂತಿತ್ತು, ಮತ್ತೆ ಉಗುರು ಹೋಗುತ್ತದೆ ಅಂತಲೇ ಅನಿಸಿತು. ಮಲ್ಲೇಶ್ವರಂ ಮೇಡಂ ಹೇಳಿದ ಹಾಗೆ ಹಿಮ್ಮಡಿ ಕುಟ್ಟಿ, ಮೇಲಿನ ಬಕಲ್ ಹಾಕಿ, ಮಂಡಿ ಬಗ್ಗಿಸಿದೆ. ಬೆರಳು ಹಿಂದೆ ಸರಿಯಿತು! ಆ ಕ್ಷಣ ಇಡೀ ವಿಷಯ ಅರ್ಥವಾಯಿತು. ಬರೀ ಪಾದದಿಂದ ತಿರುಗಿಸಲು ನೋಡಿದರೂ ಹಲಗೆ ಕೂಡಲೇ ತಿರುಗುತ್ತಿತ್ತು. ಗುಲ್ಮಾರ್ಗ್‌ನಲ್ಲಿ ಐದು ದಿನ ನಾನು ಬೂಟಿನ ಜೊತೆ ಗುದ್ದಾಡಿದ್ದೆ, ಸ್ಕೀ ಮಾಡಿರಲೇ ಇಲ್ಲ.

ಮುಕ್ಕಾಲು ಗಂಟೆಯ ಮೇಲೆ ಎಡಗಾಲಿನ ಬೆರಳಿಗೆ ಜೋಮು ಬಂತು. ಪಾದದ ಮೇಲಿನ ಬಕಲ್ ಒಂದು ಹಲ್ಲು ಸಡಿಲ ಮಾಡಿದೆ, ಹೋಯಿತು. ಎರಡು ಗಂಟೆ ಆದ ಮೇಲೆ ಉಗುರು ನೋಡಿದೆ, ಏನೂ ಆಗಿಲ್ಲ.

ಕುಕ್ಕರಗಾಲಿನ ಪರೀಕ್ಷೆಯಲ್ಲಿ ನನ್ನ ಹಿಮ್ಮಡಿ ಏಳುತ್ತಿತ್ತು. ದಿನಾ ಅಭ್ಯಾಸ ಮಾಡುತ್ತಿದ್ದೇನೆ. ಹೆಂಡತಿಯದು ಚಪ್ಪಟೆ ಪಾದ ಅಂತ ಗೊತ್ತಾಯಿತು, ಅವಳಿಗೆ ಅಟ್ಟೆ ಮಾಡಿಸುತ್ತೇವೆ. ಈ ಜನವರಿಗೆ ಇಬ್ಬರೂ ಬಾಡಿಗೆ ಬೂಟೇ. ಕಾಲುಚೀಲ, ಅಟ್ಟೆ ಮಾತ್ರ ನಮ್ಮದು. ಮುಂದಿನ ವರ್ಷವೂ ಹೋಗುವುದು ಖಾತ್ರಿಯಾದರೆ ಆಗ ಕೊಳ್ಳುತ್ತೇವೆ.

ಒಂದು ಪ್ರಶ್ನೆ ಉಳಿದಿದೆ. ಗುಲ್ಮಾರ್ಗ್‌ನಲ್ಲಿ ಬೆಳಿಗ್ಗೆ ಬೂಟು ಒದ್ದೆ, ತಣ್ಣಗೆ, ಬಾಯಿ ಬಿಡುವುದೇ ಇಲ್ಲ. ರಾತ್ರಿ ಬುಖಾರಿ ಹತ್ತಿರ ಇಟ್ಟು ಒಣಗಿಸಬಹುದಾ?

ಮ್ಯೂನಿಕ್‌ನಿಂದ ಬಸವನಗುಡಿಗೆ
ಶನಿವಾರ, ಸಂಜೆ 7:00

ತುಂಬಾ ಖುಷಿಯಾಯಿತು ಸರ್.

ಬುಖಾರಿಗೆ ತಾಗುವಷ್ಟು ಹತ್ತಿರ ಬೇಡ. ಲೈನರಿನ ಫೋಮ್ ಕುಗ್ಗುತ್ತದೆ, ಅಂಟು ಬಿಡುತ್ತದೆ. ಲೈನರ್ ಹೊರಗೆ ತೆಗೆದು ಒಳಗೆ ಹಳೆ ಪೇಪರ್ ತುರುಕಿ, ಕೋಣೆಯ ಬಿಸಿ ತಾಗುವ ಜಾಗದಲ್ಲಿ ಒಂದು ಮಾರು ದೂರ ಇಡಿ. ಮಲಗುವ ಮುಂಚೆ ಪೇಪರ್ ಒಮ್ಮೆ ಬದಲಾಯಿಸಿ. ಚಿಪ್ಪನ್ನೂ ಕೋಣೆಯೊಳಗೇ ಇಡಿ, ವರಾಂಡದಲ್ಲೋ ಕಾರಿನಲ್ಲೋ ಬೇಡ. ಬೆಚ್ಚಗಿರುವ ಪ್ಲಾಸ್ಟಿಕ್ ಸುಲಭವಾಗಿ ಬಾಯಿ ಬಿಡುತ್ತದೆ, ಕಾಲು ಹೋಗುವುದು ಕಷ್ಟ ಆಗುವುದಿಲ್ಲ.

ಮುಂದೆ ಸ್ವಂತದ್ದು ಕೊಂಡರೆ ಬೆಂಗಳೂರಿನ ಮಳೆಗಾಲದಲ್ಲಿ ಅಟ್ಟದ ಮೇಲೆ ಮಾತ್ರ ಇಡಬೇಡಿ. ಲೈನರ್ ಪೂರ್ತಿ ಒಣಗಿಸದಿದ್ದರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಬಕಲ್‌ಗಳನ್ನು ಸಡಿಲವಾಗಿ ಹಾಕಿ, ಗಾಳಿಯಾಡುವ ಬೀರುವಿನಲ್ಲಿ ಇಡಿ. ಬಕಲ್ ಹಾಕದೆ ತಿಂಗಳುಗಟ್ಟಲೆ ಬಿಟ್ಟರೆ ಚಿಪ್ಪು ಅಗಲಿಸಿಕೊಂಡು ಆಕಾರ ಕೆಡುತ್ತದೆ. ನನ್ನ ಬೂಟು ದಸರಾ ಹೊತ್ತಿಗೆ ಒಮ್ಮೆ ಹೊರಗೆ ಬರುತ್ತದೆ. ನೆರಳಲ್ಲಿ ಗಾಳಿಗಿಟ್ಟು, ಒಂದು ಸಂಜೆ ಕಾಲಿಗೆ ಹಾಕಿಕೊಂಡು ಅರ್ಧ ಗಂಟೆ ಮನೆಯಲ್ಲೇ ನಿಂತಿರುತ್ತೇನೆ.